ಧರೆಯ ಮೇಲಿನ ಕಾಲುವೆ

ಮೇ ತಿಂಗಳ ಮೊದಲ ವಾರದಲ್ಲಿ ತಾಲ್ಲೂಕಿನಿಂದ ಆದೇಶ ಬಂತು. ಮಳೆ ಹಿಡಿಯುವುದರೊಳಗೆ ಪ್ರತಿ ಗ್ರಾಮ ಪಂಚಾಯಿತಿಯೂ ಧರೆಗೆ ತಾಗಿಕೊಂಡಿರುವ ಮನೆಗಳ ಪಟ್ಟಿ ಮಾಡಬೇಕು, ಮಾಲೀಕರಿಗೆ ನೋಟಿಸ್ ಕೊಡಬೇಕು, ಅವರು ಕೈಗೊಂಡ ಕ್ರಮದ ಬಗ್ಗೆ ಫೋಟೋ ಸಮೇತ ವರದಿ ಕಳಿಸಬೇಕು. ಗುಡ್ಡ ಕಡಿದು ಮನೆಗೆ ಜಾಗ ಮಟ್ಟ ಮಾಡಿದಾಗ ಹಿಂದುಗಡೆ ನೆಟ್ಟಗೆ ನಿಂತುಕೊಳ್ಳುವ ಮಣ್ಣಿನ ಗೋಡೆಯೇ ಧರೆ. ನಮ್ಮ ಕಡೆ ಧರೆಯಿಲ್ಲದ ಮನೆಯನ್ನೇ ಹುಡುಕಬೇಕು. ನಾನು ಆಗ ಜಯಪುರದಿಂದ ಒಳಕ್ಕೆ ಹೋಗುವ ರಸ್ತೆಯ ಒಂದು ಪಂಚಾಯಿತಿಯಲ್ಲಿ ಅಭಿವೃದ್ಧಿ ಅಧಿಕಾರಿ. ಆದೇಶ ಓದಿ, ‘ಪಟ್ಟಿ ಬೇರೆ ಯಾಕೆ ಮಾಡೋದು, ಮತದಾರರ ಪಟ್ಟಿಯನ್ನೇ ಕಳಿಸಿಬಿಡೋಣ’ ಅಂತ ನಮ್ಮ ಬಿಲ್ ಕಲೆಕ್ಟರ್ ಹತ್ತಿರ ಹೇಳಿದ್ದು ನೆನಪಿದೆ. ಇಬ್ಬರೂ ನಕ್ಕಿದ್ದೆವು.

ಬಿಲ್ ಕಲೆಕ್ಟರ್ ಅದೇ ಊರಿನವರು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಅನ್ನುವಷ್ಟು ಗೊತ್ತಿದ್ದವರು. ಇಬ್ಬರೂ ಹದಿನೈದು ದಿನ ತಿರುಗಿದೆವು. ಕೈಯಲ್ಲಿ ನೂರಡಿ ಟೇಪು, ಒಂದು ಉದ್ದನೆಯ ಬಿದಿರಿನ ಗಳ, ಮೊಬೈಲು. ಗಳವನ್ನು ಧರೆಗೆ ಒರಗಿಸಿ ಎತ್ತರ ನೋಡುವುದು, ಧರೆಗೂ ಹಿಂದಿನ ಗೋಡೆಗೂ ನಡುವಿನ ಜಾಗ ಅಳೆಯುವುದು, ಮಣ್ಣು ಕೆಂಪೋ ಬಿಳಿಯೋ ಬರೆದುಕೊಳ್ಳುವುದು, ನೀರು ಜಿನುಗಿದ ಗುರುತಿದ್ದರೆ ಫೋಟೋ ತೆಗೆಯುವುದು. ಕೊನೆಗೆ ಪಟ್ಟಿಯಲ್ಲಿ ಮೂವತ್ತೇಳು ಮನೆ ಉಳಿದವು. ಅವುಗಳಲ್ಲಿ ಒಂದಕ್ಕೂ ಕಟ್ಟಡ ಪರವಾನಗಿ ಇರಲಿಲ್ಲ.

ಇದನ್ನು ಕೇಳಿದರೆ ಹೊರಗಿನವರು ಪಂಚಾಯಿತಿಯನ್ನು ಬೈಯುತ್ತಾರೆ. ಬೈಯಲಿ. ಪರವಾನಗಿ ಕೊಡಬೇಕಾದರೆ ಜಾಗಕ್ಕೆ ಪಂಚಾಯಿತಿಯ ಖಾತೆ ಬೇಕು. ಖಾತೆಗೆ ಹಕ್ಕುಪತ್ರ ಬೇಕು. ಹಕ್ಕುಪತ್ರದ ಅರ್ಜಿಗಳು, ಆ ಜಾಗ ಕಂದಾಯದ್ದೋ ಅರಣ್ಯದ್ದೋ ಅನ್ನುವುದು ತೀರ್ಮಾನವಾಗದೆ ವರ್ಷಗಟ್ಟಲೆ ಕೂತಿವೆ. ಅಲ್ಲಿಯವರೆಗೆ ಜನ ಮರದ ಮೇಲೆ ಇರುತ್ತಾರೆಯೇ? ಮನೆ ಕಟ್ಟುತ್ತಾರೆ. ನಾವು ಅದಕ್ಕೆ ನೀರಿನ ನಲ್ಲಿ ಕೊಡುತ್ತೇವೆ, ಆದರೆ ನಮ್ಮ ಪುಸ್ತಕದಲ್ಲಿ ಆ ಮನೆ ಇರುವುದಿಲ್ಲ. ಪುಸ್ತಕದಲ್ಲಿಲ್ಲದ ಮನೆಗೆ ಹೀಗೆ ಕಟ್ಟು, ಹಾಗೆ ಕಟ್ಟಬೇಡ ಅಂತ ಹೇಳುವ ಬಾಯಿ ನಮಗೆಲ್ಲಿಂದ ಬರಬೇಕು!

ಪಟ್ಟಿಯ ಕೊನೆಯ ಮನೆ ಎಸ್ಟೇಟಿನಲ್ಲಿ ಕೂಲಿ ಮಾಡುವ ಒಬ್ಬ ಹೆಂಗಸಿನದು. ಗಂಡ ತೀರಿಕೊಂಡಿದ್ದ. ಅತ್ತೆ, ಸೊಸೆ ಇಬ್ಬರೇ. ಡಾಂಬರು ಮುಗಿದ ಮೇಲೆ ಅರ್ಧ ಗಂಟೆ ಮಣ್ಣು ರಸ್ತೆಯಲ್ಲಿ ನಡೆಯಬೇಕು. ನಾವು ಹೋದಾಗ ಸೊಸೆ ಕೆಲಸಕ್ಕೆ ಹೋಗಿದ್ದರು, ಅತ್ತೆ ಅಂಗಳದಲ್ಲಿ ಕೂತು ಪೊರಕೆಗೆಂದು ತೆಂಗಿನ ಗರಿಯ ಹಿಡಿಕಡ್ಡಿ ಸೀಳುತ್ತಿದ್ದರು. ನನ್ನ ಕೈಯಲ್ಲಿದ್ದ ಟೇಪು ನೋಡಿ, ‘ಎಂತ ಮಾರಾಯ್ತಿ, ನಮ್ಮನೆ ಅಳೆದು ಮದುವೆ ಚಪ್ಪರ ಹಾಕ್ಸ್ತೀಯಾ? ಗಂಡು ನಾನು ನೋಡ್ಕಂಡಿಲ್ಲ ಇನ್ನೂ’ ಅಂದರು. ಬಿಲ್ ಕಲೆಕ್ಟರ್, ‘ಅಜ್ಜಿ, ಇವರು ಪಿಡಿಒ ಮೇಡಂ’ ಅಂತ ಗಂಭೀರವಾಗಿ ಹೇಳಿದರೆ, ‘ಹೌದಾ, ಹಂಗಾದ್ರೆ ಮನೆ ಕೆಡಗಕ್ಕೆ ಬಂದದ್ದು. ಕಾಪಿ ಕುಡ್ಕಂಡು ಕೆಡಗಿ’ ಅಂತ ಎದ್ದು ಒಳಗೆ ಹೋದರು.

ಮನೆಯ ಹಿಂದೆ ಹೋಗಿ ನೋಡಿದೆ. ಧರೆ ಹದಿನಾರು ಅಡಿ, ಚಾಕುವಿನಲ್ಲಿ ಕೊಯ್ದಷ್ಟು ನೆಟ್ಟಗೆ. ಬಚ್ಚಲುಮನೆಯ ಗೋಡೆಗೂ ಅದಕ್ಕೂ ನಡುವೆ ಮೂರೇ ಅಡಿ. ನಾನು ಅಳೆಯಲು ಬಗ್ಗಿದರೆ ಬೆನ್ನು ಮಣ್ಣಿಗೆ ತಾಗುತ್ತಿತ್ತು. ಒಳಗಿಂದ ಅಜ್ಜಿ, ‘ಬೆಲ್ಲ ಜಾಸ್ತಿ ಹಾಕ್ಲಾ?’ ಅಂತ ಕೂಗಿದರು.

ಆ ಮನೆ ಕಟ್ಟಿದ ಮೇಸ್ತ್ರಿ ಜಯಪುರದವರು. ಆ ಭಾಗದ ಅರ್ಧ ಮನೆಗಳು ಅವರ ಕೈಯವೇ. ನಾನು ಅವರನ್ನು ಕಚೇರಿಗೆ ಕರೆಸಿ ದಬಾಯಿಸಿದೆ. ಮನೆಯನ್ನು ನಾಲ್ಕು ಅಡಿ ಮುಂದೆ ತರಲು ಏನಾಗಿತ್ತು ನಿಮಗೆ? ಅವರು ಬೇಜಾರು ಮಾಡಿಕೊಳ್ಳಲಿಲ್ಲ.

‘ಮುಂದೆ ಎಂತ ಉಂಟು ಮೇಡಂ? ಹಿಂದೆ ಕಡಿದ ಮಣ್ಣನ್ನೇ ಜೆಸಿಬಿಯವ ಮುಂದೆ ತಳ್ಳಿದ್ದು. ಕಡಿದ ನೆಲ ಗಟ್ಟಿ, ತುಂಬಿದ ನೆಲ ಮೆತ್ತಗೆ. ಪಾಯ ಅದರ ಮೇಲೆ ಕೂರಿಸಿದ್ರೆ ಎರಡನೇ ಮಳೆಗೆ ಗೋಡೆ ಬಾಯಿ ಬಿಡ್ತದೆ. ಹಿಂದೆ ಹೋದ್ರೆ ಧರೆ, ಮುಂದೆ ಬಂದ್ರೆ ಕುಸಿತ. ನೀವೇ ಹೇಳಿ, ಎಲ್ಲಿ ಕಟ್ಲಿ?’

 ಅದಕ್ಕೆ ಉತ್ತರ ಹೇಳಬೇಕಾದ ಇಂಜಿನಿಯರ್ ನಮ್ಮ ಕೊಪ್ಪದ ಜೊತೆಗೆ ಶೃಂಗೇರಿ ತಾಲ್ಲೂಕನ್ನೂ ನೋಡಿಕೊಳ್ಳುತ್ತಿದ್ದರು. ಒಂದು ದಿನ ಕಿಗ್ಗದಲ್ಲಿದ್ದರೆ ಮರುದಿನ ಅಡ್ಡಗದ್ದೆ. ಎರಡು ಸಲ ಹುಡುಕಿಕೊಂಡು ಹೋದರೂ ಸಿಗಲಿಲ್ಲ, ಮೂರನೇ ಸಲ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಧರೆಗೆ ತಡೆಗೋಡೆ ಕಟ್ಟಿಸುವುದು ಈ ಜನರಿಂದ ಈ ವರ್ಷ ಆಗದ ಮಾತು, ಮಳೆ ತಲೆಯ ಮೇಲಿದೆ, ಸದ್ಯಕ್ಕೆ ಧರೆಯ ಮೇಲ್ಗಡೆ ಕಾಲುವೆ ತೋಡಿಸಿ, ಗುಡ್ಡದ ನೀರು ಧರೆಯ ಒಳಕ್ಕೆ ಇಳಿಯದೆ ಪಕ್ಕಕ್ಕೆ ಹರಿದು ಹೋದರೆ ಅರ್ಧ ಅಪಾಯ ಕಡಿಮೆಯಾಗುತ್ತದೆ ಎಂದರು. ಬ್ಯಾಗಿನಿಂದ ಹಾಳೆ ತೆಗೆದು ಅಲ್ಲೇ ಬೆಂಚಿನ ಮೇಲೆ ಬರೆದುಕೊಟ್ಟರು. ಧರೆಯ ಅಂಚಿನಿಂದ ಆರು ಅಡಿ ಬಿಟ್ಟು, ಎರಡು ಅಡಿ ಅಗಲ, ಎರಡು ಅಡಿ ಆಳ. ಕೆಳಗೆ ಒಂದು ಚಿತ್ರ. ಚಿತ್ರದಲ್ಲಿ ಕಾಲುವೆ ಒಂದು ಕಡೆಗೆ ಓರೆಯಾಗಿ ಇಳಿಯುತ್ತಿತ್ತು, ಕೊನೆಯಲ್ಲಿ ನೀರು ಹೊರಗೆ ಬೀಳುವ ಬಾಣದ ಗುರುತಿತ್ತು.

ಆ ಹಾಳೆಯನ್ನು ನೋಡಿ ನೋಟಿಸ್ ಟೈಪು ಮಾಡಿದ್ದು ನಾನೇ. ಕಂಪ್ಯೂಟರ್ ಆಪರೇಟರ್ ರಜೆಯಲ್ಲಿದ್ದಳು. ಕಾಯ್ದೆಯ ಕಲಮು, ವಿಷಯ, ಉಲ್ಲೇಖ, ಅಳತೆ, ಹದಿನೈದು ದಿನದ ಗಡುವು, ತಪ್ಪಿದರೆ ಕ್ರಮ, ಸಹಿ. ಚಿತ್ರ ಹಾಕಿದರೆ ಎರಡನೇ ಪುಟಕ್ಕೆ ಹೋಗುತ್ತಿತ್ತು. ಮೂವತ್ತೇಳು ನೋಟಿಸ್, ಮೂರು ಮೂರು ಪ್ರತಿ, ಪ್ರಿಂಟರ್ ಬೇರೆ ಆಗಾಗ ಮುಷ್ಕರ ಹೂಡುತ್ತಿತ್ತು. ಚಿತ್ರ ಬಿಟ್ಟೆ. ‘ನೀರು ಹರಿದು ಹೋಗುವಂತೆ’ ಎಂಬ ಮಾತು ಸೇರಿಸಬಹುದಿತ್ತು. ಅಳತೆ ಇದೆಯಲ್ಲ, ಸಾಕು ಅನ್ನಿಸಿತು. ಕಚೇರಿಯಲ್ಲಿ ಇಷ್ಟು ವರ್ಷ ಕೂತವರಿಗೆ ಅಳತೆಯೊಂದಿದ್ದರೆ ಎಲ್ಲವೂ ಇದ್ದಂತೆ.

ಕಾಲುವೆ ತೋಡುವುದು ಆ ಜನಕ್ಕೆ ಹೊಸದಾಗಿರಲಿಲ್ಲ. ಪ್ರತಿ ಚಳಿಗಾಲ ಉದ್ಯೋಗ ಖಾತ್ರಿಯಲ್ಲಿ ಗುಡ್ಡದ ಮೇಲೆ ಇಂಗುಕಾಲುವೆ ತೋಡುತ್ತಾರೆ. ಮಳೆ ನೀರು ಅದರಲ್ಲಿ ನಿಂತು ನೆಲದೊಳಕ್ಕೆ ಇಂಗಲಿ ಎಂದು ಹತ್ತು ಅಡಿಗೊಂದು ಕಡೆ ಒಂದಡಿ ಮಣ್ಣನ್ನು ಅಗೆಯದೆ ಅಡ್ಡ ಬದುವಾಗಿ ಬಿಡಬೇಕು. ಎರಡೂ ತುದಿ ಮುಚ್ಚಿರಬೇಕು. ಅಳತೆ ಮಾಡುವಾಗ ಅಗೆದ ಆಳ ಗೊತ್ತಾಗುವುದೂ ಆ ಬದುಗಳಿಂದಲೇ. ಹಿಂದಿನ ಚಳಿಗಾಲದಲ್ಲಿ ಒಂದು ಗುಂಪು ಬದು ಬಿಡದೆ ಒಂದೇ ಸಮ ಅಗೆದಿತ್ತು. ನಾನು ಗುಡ್ಡ ಹತ್ತಿ ಹೋಗಿ ನೋಡಿ ಎಲ್ಲರೆದುರಿಗೆ ಬೈದಿದ್ದೆ. ‘ಎಷ್ಟು ಸಲ ಹೇಳಬೇಕು ನಿಮಗೆ, ಬದು ಇಲ್ಲದ ಕಾಲುವೆ ಲೆಕ್ಕಕ್ಕಿಲ್ಲ’ ಎಂದು ಆ ದಿನದ ಕೆಲಸವನ್ನು ಅಳತೆ ಪುಸ್ತಕಕ್ಕೆ ಹತ್ತಿಸದೆ ವಾಪಸು ಬಂದಿದ್ದೆ. ಆ ಗುಂಪಿನ ಮುಂದೆ ನಿಂತು ತಲೆ ತಗ್ಗಿಸಿ ಕೇಳಿಸಿಕೊಂಡ ಹೆಂಗಸು ಕೊನೆಯ ಮನೆಯ ಸೊಸೆ. ಆಗ ನನಗೆ ಆಕೆಯ ಮುಖ ಗೊತ್ತಿತ್ತು, ಮನೆ ಗೊತ್ತಿರಲಿಲ್ಲ.

ನೋಟಿಸ್ ಹಂಚಿದ ಮೇಲೆ ಹತ್ತೊಂಬತ್ತು ಮನೆಯವರು ಕಾಲುವೆ ತೋಡಿದರು. ಉಳಿದವರು ನೋಟಿಸನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಸುಮ್ಮನಾದರು. ಒಬ್ಬನಂತೂ ಅದರಲ್ಲಿ ಅಡಿಕೆ ಪುಡಿ ಕಟ್ಟಿಕೊಂಡು ಕಚೇರಿಗೇ ಬಂದಿದ್ದ. ತೋಡಿದವರು ಕೆಲಸ ಮುಗಿದ ದಿನವೇ ಫೋಟೋ ಕಳಿಸಿದರು. ಎಲ್ಲರೂ ಕಾಲುವೆಯ ಮೇಲೆ ಅಡ್ಡವಾಗಿ ಟೇಪು ಹಿಡಿದುಕೊಂಡಿದ್ದರು, ಉದ್ಯೋಗ ಖಾತ್ರಿಗೆ ಕಳಿಸುವ ಹಾಗೆಯೇ. ಆ ಸೊಸೆ ಮೂರು ಭಾನುವಾರ ಒಬ್ಬರೇ ಅಗೆದಿದ್ದರಂತೆ. ಅವರ ಕಾಲುವೆ ಎಲ್ಲಕ್ಕಿಂತ ಚೆನ್ನಾಗಿತ್ತು. ಅಂಚು ದಾರ ಹಿಡಿದಂತೆ ನೇರ, ಮಣ್ಣು ಎಲ್ಲೂ ಉದುರಿರಲಿಲ್ಲ. ಮಧ್ಯೆ ಮಧ್ಯೆ ಬದುಗಳೂ ಕಾಣುತ್ತಿದ್ದವು. ನಾನು ಆ ಫೋಟೋವನ್ನು ವರದಿಯ ಮೊದಲ ಪುಟಕ್ಕೆ ಹಾಕಿದೆ. ತಾಲ್ಲೂಕಿನವರಿಂದ ಮೊಬೈಲಿಗೆ ಮೆಚ್ಚುಗೆಯ ಹೆಬ್ಬೆರಳಿನ ಚಿಹ್ನೆ ಬಂತು. ಬೇರೆ ಪಂಚಾಯಿತಿಯವರು ನಮ್ಮ ನೋಟಿಸನ್ನೇ ಮಾದರಿಯಾಗಿ ಕೇಳಿ ತರಿಸಿಕೊಂಡರು. ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆರಿದ್ರ ಮಳೆ ಆ ವರ್ಷ ಸರಿಯಾಗಿಯೇ ಹಿಡಿಯಿತು. ನಾಲ್ಕನೇ ದಿನಕ್ಕೆ ಕರೆಂಟು ಹೋಯಿತು, ಐದನೇ ದಿನಕ್ಕೆ ಮೊಬೈಲ್ ಟವರ್ ಸತ್ತಿತು. ಆರನೇ ದಿನ ಶುಕ್ರವಾರ. ಬೆಳಿಗ್ಗೆ ಹತ್ತೂವರೆಗೆ ಮೇಸ್ತ್ರಿ ಯಾರದೋ ಹೊಸ ಮನೆಯ ನಲ್ಲಿ ಅರ್ಜಿ ಹಿಡಿದುಕೊಂಡು ಕಚೇರಿಗೆ ಬಂದರು. ಛತ್ರಿ ಮಡಚುತ್ತಾ, ‘ಮೇಡಂ, ನಿಮ್ಮ ಕಾಲುವೆಯಲ್ಲಿ ಕಪ್ಪೆ ಮರಿ ಹಾಕಿದೆ’ ಎಂದರು. ತಮಾಷೆಗೆ ಹೇಳಿದ್ದು.

‘ಯಾವ ಕಾಲುವೆ?’

‘ಧರೆ ಮೇಲಿಂದು. ನಿನ್ನೆ ಒಂದು ಮನೆ ಹಂಚು ಸರಿ ಮಾಡಕ್ಕೆ ಹೋಗಿದ್ದೆ. ಮೇಲೆ ನೋಡಿದ್ರೆ ಬಾಲದ ಮರಿಗಳು ಓಡಾಡ್ತಾವೆ. ಮೀನು ಬಿಟ್ರೆ ಸಾಕಬಹುದು ಅಂದೆ ಮನೆಯವರಿಗೆ.’

ಹರಿಯುವ ನೀರಿನಲ್ಲಿ ಕಪ್ಪೆ ಮೊಟ್ಟೆ ಇಡುವುದಿಲ್ಲ. ಇದು ನನಗೆ ತಕ್ಷಣ ಹೊಳೆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಾನು ಅರ್ಜಿ ತೆಗೆದುಕೊಂಡು, ನಂಬರ್ ಹಾಕಿ, ಸ್ವೀಕೃತಿ ಬರೆಯುತ್ತಿದ್ದೆ. ಅರ್ಧ ಬರೆದ ಮೇಲೆ ಕೈ ನಿಂತಿತು. ಮೊಬೈಲು ತೆಗೆದು ಆ ಹತ್ತೊಂಬತ್ತು ಫೋಟೋಗಳನ್ನು ಒಂದೊಂದಾಗಿ ನೋಡಿದೆ. ಎಲ್ಲದರಲ್ಲೂ ಬದು. ಎಲ್ಲದರಲ್ಲೂ ತುದಿ ಮುಚ್ಚಿತ್ತು. ಧರೆಯ ನೆತ್ತಿಯ ಮೇಲೆ ನೀರು ತುಂಬಿ, ನಿಂತು, ನಿಧಾನವಾಗಿ ಒಳಕ್ಕೆ ಇಂಗಲಿ ಅಂತಲೇ ಮಾಡಿದ ಹಾಗಿತ್ತು. ನೋಟಿಸನ್ನು ಗೌರವಿಸಿದ ಅಷ್ಟೂ ಮನೆಗಳ ತಲೆಯ ಮೇಲೆ ಒಂದೊಂದು ತೊಟ್ಟಿ. ಅಡಿಕೆ ಪುಡಿ ಕಟ್ಟಿಕೊಂಡವನ ಮನೆಗೆ ಏನೂ ಇಲ್ಲ.

ಫೋಟೋಗಳನ್ನು ಮೇಸ್ತ್ರಿಗೆ ತೋರಿಸಿದೆ. ಅವರ ಮುಖದ ನಗು ಹೋಯಿತು. ‘ಯಾ ಅಲ್ಲಾ! ಇದು ಎಲ್ಲ ಕಡೆ ಹೀಗೆಯಾ?’ ಎಂದರು. ‘ಬದು ಒಡೆದು ಒಂದು ತುದಿ ಬಿಡಿಸ್ಬೇಕು ಮೇಡಂ. ಈಗಲೇ. ನಾಳೆ ಅಂದ್ರೆ ಆಗ್ಲಿಕ್ಕಿಲ್ಲ.’

‘ನೀವು ಬರ್ತೀರಾ?’

‘ಇವತ್ತು ಶುಕ್ರವಾರ. ಇರ್ಲಿ, ಬರ್ತೀನಿ.’

ಬಿಲ್ ಕಲೆಕ್ಟರ್, ಮೇಸ್ತ್ರಿ, ನಾನು. ಪಂಚಾಯಿತಿಯ ಎರಡು ಹಾರೆ, ಮೂರು ಗುದ್ದಲಿ. ಫೋನು ಹತ್ತುವಂತಿದ್ದರೆ ಹತ್ತೊಂಬತ್ತು ಮನೆಗೂ ಹತ್ತು ನಿಮಿಷದಲ್ಲಿ ಹೇಳಿಬಿಡಬಹುದಿತ್ತು. ಬಾಡಿಗೆ ಜೀಪು ಹತ್ತಿದ ಕೂಡಲೇ ಮೇಸ್ತ್ರಿ, ‘ಎತ್ತರದ ಧರೆಗೆ ಮೊದಲು ಹೋಗೋಣ’ ಎಂದರು. ಎತ್ತರದ್ದೆಂದರೆ ಕೊನೆಯ ಮನೆ. ನಾನು ಲೆಕ್ಕ ಹಾಕಿದೆ. ಅಲ್ಲಿಗೆ ನಡೆದು ಹೋಗಿ ಬರಲು ಒಂದು ಗಂಟೆ ಹಾಳು. ದಾರಿಯುದ್ದಕ್ಕೂ ಎಂಟು ಮನೆಗಳಿವೆ, ಒಂದೊಂದರಲ್ಲಿ ಐದಾರು ಜನ, ಮಕ್ಕಳು. ದಾರಿಯ ಮನೆಗಳನ್ನು ಮುಗಿಸಿಕೊಂಡೇ ಹೋಗೋಣ ಎಂದೆ. ಇವತ್ತು ಕೇಳಿದರೂ ನಾನು ಹಾಗೆಯೇ ಹೇಳುತ್ತಿದ್ದೆನೇನೋ. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಮೊದಲ ಎರಡು ಮನೆಗಳಲ್ಲಿ ಕೆಲಸ ಬೇಗ ಆಯಿತು. ಬದು ಒಡೆದ ಕೂಡಲೇ ನೀರು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನುಗ್ಗುತ್ತಾ ತುದಿಗೆ ಬಂದು, ಬಿಡಿಸಿದ ಬಾಯಿಂದ ಹಳ್ಳದ ಕಡೆಗೆ ಬಿತ್ತು. ಮನೆಯವರು ನಮ್ಮನ್ನು ವಿಚಿತ್ರವಾಗಿ ನೋಡುತ್ತಿದ್ದರು. ತೋಡಿ ಅಂದವರೂ ಇವರೇ, ಒಡೆಯುವವರೂ ಇವರೇ. ಒಬ್ಬ ಹೆಂಗಸು ಬಾಯಿ ಬಿಟ್ಟು ಕೇಳಿದಳು: ‘ಪಾಸಾಗಿಲ್ವಾ ಮೇಡಂ ನಮ್ದು?’

ಮೂರನೇ ಮನೆಯಲ್ಲಿ ನೀರು ಬಿಡುವುದಿದ್ದರೆ ಪಕ್ಕದವರ ಅಡಿಕೆ ತೋಟಕ್ಕೇ ಬಿಡಬೇಕು, ಬೇರೆ ದಾರಿಯಿಲ್ಲ. ತೋಟದ ಯಜಮಾನರು ಕಂಬಳಿ ಕೊಪ್ಪೆ ಹೊದ್ದು ಬೇಲಿಯ ಆಚೆ ಬಂದು ನಿಂತರು.

‘ಹೋಯ್, ಎಂತ ಮಾಡ್ತಿದ್ದೀರಿ ಅಲ್ಲಿ? ಆ ನೀರು ನನ್ನ ತೋಟಕ್ಕೆ ಬಿಟ್ರೆ ಮಣ್ಣೆಲ್ಲ ಕೊಚ್ಕಂಡು ಹೋಗ್ತದೆ. ಮೊದಲೇ ಅಡಿಕೆಗೆ ಕೊಳೆರೋಗ ಬಂದು ಸಾಯ್ತಿದೀನಿ.’

‘ಯಜಮಾನ್ರೆ, ಆ ಮನೇಲಿ ಆರು ಜನ ಇದ್ದಾರೆ.’

‘ನಾನೆಂತ ಮಾಡ್ಲಿ ಮಾರಾಯ್ರೆ? ನಾಳೆ ನಂದು ತೋಟ ಹೋದ್ರೆ ನೀವು ಬರ್ತೀರಾ? ನಿಮಗೆ ಇವತ್ತು ಟ್ರಾನ್ಸ್‌ಫರ್ ಆದ್ರೆ ಮುಗೀತು.’

ಮೇಸ್ತ್ರಿ ಹಾರೆ ಎತ್ತಿ ನನ್ನ ಮುಖ ನೋಡಿದರು. ‘ಒಡೀತೀನಿ ಮೇಡಂ, ಆಮೇಲೆ ಜಗಳ ಮಾಡ್ಲಿ.’

ನಾನು ಬೇಡ ಎಂದೆ. ಖಾಸಗಿ ಹಿಡುವಳಿಗೆ ನೀರು ಬಿಡುವಾಗ ಲಿಖಿತ ಒಪ್ಪಿಗೆ ಬೇಕು. ಇಲ್ಲದಿದ್ದರೆ ನಾಳೆ ಕೋರ್ಟು. ಹಿಂದೊಮ್ಮೆ ಚರಂಡಿಯ ವಿಷಯದಲ್ಲಿ ಅನುಭವಿಸಿದ್ದೆ. ಯಜಮಾನರನ್ನು ಅವರ ಮನೆಯ ಜಗಲಿಗೆ ಕರೆದುಕೊಂಡು ಹೋಗಿ ಕೂತು ಮಾತಾಡಿದೆ. ಅವರು ಕೆಟ್ಟವರಲ್ಲ, ಹೆದರಿದ್ದರು ಅಷ್ಟೆ. ಮಳೆ ಮುಗಿದ ಮೇಲೆ ಆ ಬದಿಗೆ ಕಲ್ಲು ಕಟ್ಟಿಸಿಕೊಡುತ್ತೇವೆ ಎಂದೆ. ಸರ್ವೆ ನಂಬರ್ ಕೇಳಿದೆ, ಪಹಣಿ ಹುಡುಕಿದರು, ಒಪ್ಪಿಗೆ ಪತ್ರ ಬರೆದೆ, ಓದಿ ಹೇಳಿದೆ, ಒಂದು ಸಾಲು ಬದಲಿಸಿ ಎಂದರು, ಬದಲಿಸಿದೆ, ಇಬ್ಬರು ಸಾಕ್ಷಿಗಳು ಸಹಿ ಮಾಡಿದರು. ಅಷ್ಟು ಹೊತ್ತೂ ಮೇಸ್ತ್ರಿ ಹಾರೆ ಹಿಡಿದುಕೊಂಡು ಮಳೆಯಲ್ಲೇ ನಿಂತಿದ್ದರು. ಒಂದು ಗಂಟೆ ಹತ್ತಿರ ಹೋಯಿತು. ಆ ಒಪ್ಪಿಗೆ ಪತ್ರ ಈಗಲೂ ಕಡತದಲ್ಲಿದೆ. ಒಂದು ಅಕ್ಷರ ತಪ್ಪಿಲ್ಲ.

ಉಳಿದ ಐದು ಮನೆ ಮುಗಿಸಿ ಜೀಪು ಡಾಂಬರಿನ ಕೊನೆಗೆ ಬಂದಾಗ ಮೂರು ಗಂಟೆ. ಮಣ್ಣು ರಸ್ತೆಯಲ್ಲಿ ನಡೆದೆವು. ಬಿಲ್ ಕಲೆಕ್ಟರ್ ಮುಂದೆ, ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಕಿತ್ತುಕೊಳ್ಳಲೂ ನಿಲ್ಲದೆ ನಡೆಯುತ್ತಿದ್ದರು. ತಿರುವಿನಲ್ಲಿ ಎಸ್ಟೇಟಿನ ಆಳುಗಳಿಬ್ಬರು ಎದುರಿಗೆ ಓಡಿ ಬಂದರು. ಅವರ ಮೈಯೆಲ್ಲ ಕೆಂಪು ಮಣ್ಣು. ‘ಜೀಪು ಇದ್ಯಾ? ಜೀಪು ಇದ್ಯಾ?’ ಅಂತ ಕೇಳಿದರು. ಬಿಲ್ ಕಲೆಕ್ಟರ್ ಅಲ್ಲಿಯೇ ರಸ್ತೆಯಲ್ಲಿ ಕೂತುಬಿಟ್ಟರು.

ಧರೆ ಜರಿದು ಅರ್ಧ ಗಂಟೆಯಾಗಿತ್ತು. ಸೊಸೆ ಎಸ್ಟೇಟಿನಲ್ಲಿದ್ದರು. ಅಜ್ಜಿ ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದರಂತೆ, ಸೊಸೆ ನೆನೆದು ಬರುತ್ತಾಳೆ, ಬಿಸಿನೀರು ಇರಲಿ ಎಂದು. ಬಚ್ಚಲೂ ಅಡುಗೆಮನೆಯೂ ಹೋಗಿದ್ದವು, ಮುಂದಿನ ಭಾಗ ಹಾಗೆಯೇ ನಿಂತಿತ್ತು. ಅಜ್ಜಿಯನ್ನು ತೆಗೆದಾಗ ಉಸಿರಿತ್ತು ಎಂದರು. ಕಂಬಳಿಯಲ್ಲಿ ಹೊತ್ತು ತಂದು ಜೀಪಿನಲ್ಲಿ ಮಲಗಿಸಿದರು. ನಾನು ತಲೆಯ ಹತ್ತಿರ ಕೂತೆ. ಜಯಪುರ ದಾಟುವಾಗ ಉಸಿರಿರಲಿಲ್ಲ. ಚಾಲಕನಿಗೆ ಹೇಳಲಿಲ್ಲ. ಕೊಪ್ಪದವರೆಗೂ ಅವನು ಹಾರ್ನ್ ಒತ್ತುತ್ತಲೇ ಇದ್ದ.

ನನಗೆ ಅಳು ಬರಲಿಲ್ಲ. ಬರಲಿ ಎಂದು ಕಾದೆ, ಬರಲಿಲ್ಲ. ಆ ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನ್ನ ಚಪ್ಪಲಿಯ ಮಣ್ಣನ್ನು ಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದೆ. ಎರಡೂ ಚಪ್ಪಲಿ ಪೂರ್ತಿ ಸ್ವಚ್ಛವಾಗುವವರೆಗೆ ತೆಗೆದೆ. ನರಸಿಂಹರಾಜಪುರದಿಂದ ಅಮ್ಮ ಫೋನು ಮಾಡಿದಳು, ಊಟ ಆಯ್ತಾ ಎಂದಳು. ಆಯ್ತು ಎಂದೆ. ಮಾರನೆಯ ದಿನ ಬೆಳಿಗ್ಗೆ ಬೇಗ ಹೋಗಿ ಉಳಿದ ಹತ್ತು ಕಾಲುವೆಗಳನ್ನೂ ಒಡೆಸಿದೆ. ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ, ಯಾರೂ ಬೇಡ ಎನ್ನಲಿಲ್ಲ.

ಆ ಮಧ್ಯಾಹ್ನ ಮಹಜರು. ಅಪಘಾತ ಆದ ಜಾಗದಲ್ಲೇ ಪಂಚರ ಎದುರಿಗೆ ಬರೆಯಬೇಕು. ಕಂದಾಯ ಇಲಾಖೆಯವರು ಬಂದಿದ್ದರು. ಪಂಚಾಯಿತಿಯ ಪರವಾಗಿ ಕಾರಣದ ಕಾಲಮನ್ನು ನಾನು ತುಂಬಬೇಕಿತ್ತು. ಬೆಳಿಗ್ಗೆ ಕೊಪ್ಪದಿಂದ ಹೊರಡುವ ಮೊದಲು ತಾಲ್ಲೂಕಿನ ಮೇಲಧಿಕಾರಿ ಫೋನಿನಲ್ಲಿ ಹೇಳಿದ್ದರು. ‘ಪರವಾನಗಿ ಇಲ್ಲದೆ ಧರೆ ಕಡಿದು ಕಟ್ಟಿದ ಮನೆ. ನಾವು ನೋಟಿಸ್ ಕೊಟ್ಟಿದ್ದೀವಿ. ಅಷ್ಟೇ ಬರೀರಿ ಮೇಡಂ, ನೀವೂ ಸೇಫ್, ನಾವೂ ಸೇಫ್.’ ಅವರು ಹೇಳಿದ್ದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಹಾಗೆ ಬರೆದರೆ ಆ ಸೊಸೆಗೆ ಬೇರೆ ಮನೆ ಮಂಜೂರಾಗುವುದಿಲ್ಲ. ಅನಧಿಕೃತ ಎಂಬ ಒಂದು ಪದ ಸಾಕು, ಕಡತ ಅಲ್ಲಿಗೆ ಮುಚ್ಚುತ್ತದೆ. ಇದು ನನಗೆ ಗೊತ್ತಿತ್ತು. ಆದರೂ ಪೆನ್ನು ತೆಗೆದು ಅದನ್ನೇ ಬರೆಯಲು ಕೂತೆ. ‘ಸದರಿ ಮನೆಯು ಯಾವುದೇ ಪರವಾನಗಿ ಪಡೆಯದೆ’ ಎಂಬಲ್ಲಿಯವರೆಗೆ ಬರೆದಿದ್ದೆ.

ಆಕೆ ಮನೆಯ ನಿಂತ ಭಾಗದಿಂದ ಹೊರಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದು ನನ್ನ ಎದುರಿಗೆ ಹಿಡಿದರು. ನನ್ನ ನೋಟಿಸ್.

‘ಮೇಡಮ್ಮಾ, ಇದ್ರಲ್ಲಿ ಇದ್ದ ಹಾಗೇ ಮಾಡಿದ್ದೆ. ಓದಕ್ಕೆ ಬರೋರ ಹತ್ರ ಎರಡು ಸಲ ಓದಿಸಿದ್ದೆ. ಅಳತೆ ಕಮ್ಮಿ ಬಿತ್ತಾ? ಬದು ಕೂಡ ಬಿಟ್ಟಿದ್ದೆ, ಅವತ್ತು ಗುಡ್ಡದ ಮೇಲೆ ನೀವು ಬೈದಿದ್ರಲ್ಲ, ಅದಕ್ಕೇ ನೆನಪಿಟ್ಕಂಡು ಬಿಟ್ಟಿದ್ದೆ. ಎಲ್ಲಿ ತಪ್ಪಾಯ್ತು?’

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ಕೇಳುತ್ತಿದ್ದರು. ತಾನು ಎಲ್ಲೋ ಒಂದಿಂಚು ಕಡಿಮೆ ಅಗೆದು ಅತ್ತೆಯನ್ನು ಕೊಂದೆ ಎಂದು ಆ ಹೆಂಗಸು ರಾತ್ರಿಯೆಲ್ಲ ಕೂತಿದ್ದರು.

‘ಒಂದ್ಸಲ ಅಳೆದು ನೋಡಿ ಮೇಡಮ್ಮಾ. ಮೇಲೆ ಇನ್ನೂ ಸ್ವಲ್ಪ ಉಳಿದದೆ.’

ಪಂಚರು ಬೇಡ ಬೇಡ ಎಂದರು, ಮೇಲೆ ಮಣ್ಣು ಇನ್ನೂ ಸಡಿಲ. ಬಿಲ್ ಕಲೆಕ್ಟರ್ ನನ್ನ ಕೈ ಹಿಡಿದರು. ನಾನು ಬ್ಯಾಗಿನಿಂದ ಟೇಪು ತೆಗೆದುಕೊಂಡು ಪಕ್ಕದಿಂದ ಹತ್ತಿದೆ. ಆಕೆ ಹಿಂದೆ ಬಂದರು. ಎಡತುದಿಯಲ್ಲಿ ಒಂದು ಬದುವಿನಿಂದ ಇನ್ನೊಂದು ಬದುವಿನವರೆಗೆ ಕಾಲುವೆ ಉಳಿದಿತ್ತು, ನೀರು ತುಂಬಿಯೇ ಇತ್ತು. ಆಕೆ ಕೂತು ಟೇಪಿನ ಒಂದು ತುದಿ ಹಿಡಿದರು, ನಾನು ಇನ್ನೊಂದು. ಅಗಲ ಎರಡು ಅಡಿ. ಅಲ್ಲೇ ಬಿದ್ದಿದ್ದ ಕೋಲು ಇಳಿಸಿ ಅಳೆದು ನೋಡಿದೆ, ಆಳ ಎರಡು ಅಡಿ. ಬದುವಿನಿಂದ ಬದುವಿಗೆ ಹತ್ತು ಅಡಿ. ಬದುವಿನ ದಪ್ಪ ಒಂದಡಿ. ಪ್ರತಿ ಅಳತೆಯನ್ನೂ ನಾನು ಜೋರಾಗಿ ಹೇಳಿದೆ. ಹೇಳಿದ ಹಾಗೆ ಆಕೆ ತಲೆ ಆಡಿಸುತ್ತಿದ್ದರು. ಟೇಪು ಸುತ್ತಿ ಬ್ಯಾಗಿಗೆ ಹಾಕಿದೆ.

‘ಎಲ್ಲ ಸರಿ ಇದೆ’ ಎಂದೆ. ‘ಒಂದಿಂಚೂ ಕಮ್ಮಿಯಿಲ್ಲ.’

‘ಹಂಗಾದ್ರೆ ಎಂತಕ್ಕೆ ಬಿತ್ತು?’

‘ನೀರು ಹೊರಗೆ ಬಿಡಬೇಕಿತ್ತು. ಬದು ಇರಬಾರದಿತ್ತು. ಅದನ್ನ ನಾನು ಬರೀಲಿಲ್ಲ.’

ಆಕೆ ನೀರನ್ನು ನೋಡುತ್ತಾ ಕೂತರು.  ನಾನು ಹಾರೆ ತರಿಸಿ ಎಡತುದಿಯ ಬದುವನ್ನು ಒಡೆದೆ. ನೀರು ಇಳಿದು ಹೋಯಿತು.

ಕೆಳಗೆ ಬಂದು, ಬರೆದಿದ್ದ ಅರ್ಧ ಸಾಲನ್ನು ಹೊಡೆದು ಹಾಕಿ, ಪಕ್ಕದಲ್ಲಿ ಕಿರುಸಹಿ ಮಾಡಿದೆ. ಕಾರಣದ ಕಾಲಮಿನಲ್ಲಿ ಹೀಗೆ ಬರೆದೆ: ಪಂಚಾಯಿತಿ ನೀಡಿದ ನೋಟಿಸಿನಂತೆ ಮಾಲೀಕರು ಕಾಲುವೆ ತೋಡಿದ್ದಾರೆ. ಅಳತೆ ಪರಿಶೀಲಿಸಲಾಗಿದೆ, ಸರಿಯಿದೆ. ನೀರು ಹೊರಹರಿಸುವ ಸೂಚನೆ ನೋಟಿಸಿನಲ್ಲಿ ಇಲ್ಲ. ನೀರು ನಿಂತು ಧರೆ ಜರಿದಿದೆ. ನೋಟಿಸ್ ತಯಾರಿಸಿದವರು ಎಂದು ನನ್ನ ಹೆಸರು ಬರೆದೆ. ಕಂದಾಯದವರು, ‘ಮೇಡಂ, ಇನ್ನೊಂದ್ಸಲ ಯೋಚನೆ ಮಾಡಿ’ ಎಂದರು. ಪಂಚರಿಗೆ ಓದಿ ಹೇಳಿದೆ. ಮೇಸ್ತ್ರಿಯೂ ಒಬ್ಬ ಪಂಚರಾಗಿದ್ದರು. ಎಲ್ಲರಿಗಿಂತ ಮೊದಲು ಅವರು ಸಹಿ ಹಾಕಿದರು.

ಕೊನೆಗೆ ಆಕೆ ಸಹಿ ಮಾಡಿದರು. ನೋಟಿಸನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಕವರಿಗೆ ಹಾಕುತ್ತಾ ಕೇಳಿದರು:

‘ಇದು ಇನ್ನು ಬೇಕಾಗ್ತದಾ ಮೇಡಮ್ಮಾ?’

‘ಬೇಕಾಗ್ತದೆ. ಭದ್ರವಾಗಿ ಇಟ್ಕೊಳ್ಳಿ. ಯಾರು ಬಂದು ಕೇಳಿದ್ರೂ ಕೊಡಬೇಡಿ’ ಎಂದೆ. ‘ನಾನೇ ಬಂದು ಕೇಳಿದ್ರೂ.’